ಹಿತ್ತಲ ಬಾಗಿಲಿನ ವಂಶ

ಹೊಣಕೆರೆಯಲ್ಲಿ ಬಸ್ಸಿಳಿಯುವಾಗ ಹತ್ತು ವರ್ಷದ ಚಿನ್ನುವಿನ ಅಂಗೈ ಬೆವತಿತ್ತು. ಅವಳ ಅವ್ವ ಚಲುವಮ್ಮ ಸೆರಗಿನಿಂದ ಅದನ್ನು ಒರೆಸಿ, ಗಂಡನ ಕಂಚಿನ ಗಂಟೆಯನ್ನು ಮತ್ತೆ ಆ ಕೈಗೇ ಕೊಟ್ಟಳು.

"ಮಧ್ಯದಲ್ಲಿ ಮರ್ತೋದ್ರೆ ಏನವ್ವಾ?"

"ಬೇರಿಂದ ಸುರು ಮಾಡು. ನಿಮ್ಮಪ್ಪನೂ ಅಂಗೇ ಮಾಡ್ತಿದ್ದ."

ಹೆಳವರಿಗೆ ಒಕ್ಕಲು ಮನೆಗಳ ವಂಶ ಹೇಳುವುದೇ ಬದುಕು. ಸುಗ್ಗಿ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಗಂಟೆ ಬಾರಿಸಿ, ಮೂಲಪುರುಷನಿಂದ ತೊಟ್ಟಿಲ ಕೂಸಿನವರೆಗೆ ಹೆಸರು ಹೇಳಬೇಕು. ಮನೆಯವರು ಮೊರದ ತುಂಬ ರಾಗಿ ಕೊಡಬೇಕು. ಚಿನ್ನುವಿನ ಅಪ್ಪ ಮಂಚಯ್ಯ ನಲವತ್ತು ಮನೆಗಳನ್ನು ನಾಲಿಗೆಯ ಮೇಲಿಟ್ಟುಕೊಂಡಿದ್ದವನು. ಹೋದ ವರ್ಷ ಲಕ್ವ ಹೊಡೆದು ಆ ನಾಲಿಗೆಯೇ ಮಲಗಿತು. ಗಂಡುಮಕ್ಕಳಿಲ್ಲ. ಹೆಣ್ಣು ನಿಂತು ವಂಶ ಹೇಳಿದ್ದನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ಮೊದಲ ಮನೆ ದೇವರಾಜುವಿನದು. ಅಲ್ಲಿ ಒಪ್ಪಿದರೆ ಉಳಿದವರೂ ಒಪ್ಪುತ್ತಾರೆ, ಇಲ್ಲದಿದ್ದರೆ ನಲವತ್ತು ಮನೆಯ ನಂಟು ಇವತ್ತಿಗೆ ಮುಗಿಯಿತು.

ದೇವರಾಜು ಜಗಲಿಯ ಹತ್ತಿರ ಹಾಲಿನ ಕ್ಯಾನು ತೊಳೆಯುತ್ತಿದ್ದ. ವಿಷಯ ಕೇಳಿ ನಕ್ಕ.

"ಈ ಚೋಟುದ್ದ ಕೂಸು ವಂಶ ಹೇಳ್ತದಾ? ಇಸ್ಕೂಲ್ ಪದ್ಯ ಅಂದ್ಕೊಂಡ್ಯಾ ಚಲುವಮ್ಮ? ಸುಮ್ಕೆ ರಾಗಿ ಇಸ್ಕೊಂಡು ಓಗು."

"ಹೇಳ್ದೆ ಇಸ್ಕೊಂಡ್ರೆ ತಿರುಪೆ ಆಯ್ತದೆ ಗೌಡ್ರೆ. ನಾವು ತಿರುಪೆಯೋರಲ್ಲ."

ಹೊಸ್ತಿಲ ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ಪುಟ್ಟತಾಯಮ್ಮ ತಲೆಯೆತ್ತಿದಳು. "ಹೇಳ್ಲಿ ಬುಡ್ಲಾ. ನಿನ್ನ ಗಂಟೇನು ಓಯ್ತದೆ?"

ಚಿನ್ನು ಗಂಟೆ ಬಾರಿಸಿದಳು. "ಮೂಲದವನು ಚನ್ನೇಗೌಡ. ಚನ್ನೇಗೌಡನ ಮಗ ಸಣ್ಣೇಗೌಡ. ಸಣ್ಣೇಗೌಡನ ಮಗ..." ನಿಂತಿತು. ಮತ್ತೆ ಬೇರಿಂದ ಹೊರಟಳು, ಅಲ್ಲೇ ನಿಂತಿತು. ಹೆಳವರು ತಡವರಿಸಿದಾಗ ಪಕ್ಕದವರು ಎತ್ತಿಕೊಡುವಂತಿಲ್ಲ. ಚಲುವಮ್ಮ ತುಟಿ ಕಚ್ಚಿಕೊಂಡಳು.

ಮೂರನೆಯ ಸಲ ಹುಡುಗಿ ಕಣ್ಣು ಮುಚ್ಚಿದಳು. "ಸಣ್ಣೇಗೌಡನ ಸೊಸೆ ಕಾಳಮ್ಮ, ದೇವಲಾಪುರದಿಂದ ಬಂದವಳು, ಪ್ಲೇಗಿನ ಕಾಲದಲ್ಲಿ ಹೆಳವರ ಕೂಸಿಗೆ ಎದೆಹಾಲು ಕೊಟ್ಟವಳು. ಅವಳ ಸೊಸೆ ನಿಂಗಮ್ಮ, ಬಾವಿ ತೋಡಿಸಿದವಳು..."

ಇದು ಮಂಚಯ್ಯ ಹೇಳುತ್ತಿದ್ದ ವಂಶವಲ್ಲವೆಂದು ಚಲುವಮ್ಮನಿಗೆ ಆಗ ತಿಳಿಯಿತು. ಗಂಡ ಮುಂಬಾಗಿಲಲ್ಲಿ ಹೇಳುತ್ತಿದ್ದಷ್ಟು ವರ್ಷವೂ ಅವಳು ಹಿತ್ತಲಲ್ಲಿ ಹೆಂಗಸರ ಜೊತೆ ಕೂತವಳು. ಅವಳ ನೆನಪೆಲ್ಲ ಅಲ್ಲಿಯದು. ಮಗಳಿಗೆ ಕಲಿಸುವಾಗ ಗಂಡಸರ ಹೆಸರು ಜಾರದಿರಲೆಂದು ಒಬ್ಬೊಬ್ಬನಿಗೂ ಅವನ ಹೆಂಡತಿಯನ್ನು ಗಂಟು ಹಾಕಿ ಕೊಟ್ಟಿದ್ದಳು. ಈಗ ಗಂಡಸರು ಜಾರಿ ಗಂಟುಗಳಷ್ಟೇ ಉಳಿದಿದ್ದವು.

"ಇದ್ಯಾವ ವಂಶನವ್ವಾ! ನಮ್ಮ ತಾತ, ಮುತ್ತಾತ ಎಲ್ಲೋದ್ರು? ಸಂತೆಗಾ?" ಎಂದ ದೇವರಾಜು.

ಚಿನ್ನು ನಿಲ್ಲಿಸಲಿಲ್ಲ. "ಅವಳ ಸೊಸೆ ಪುಟ್ಟತಾಯಮ್ಮ. ಪುಟ್ಟತಾಯಮ್ಮನ ಹೊಟ್ಟೆಯಲ್ಲಿ ಮೊದಲು ಹುಟ್ಟಿದವಳು ಪುಟ್ಟಗೌರಿ, ಮೂರು ವರ್ಷ ಬಾಳಿದವಳು, ಬೆಲ್ಲ ಬೆಲ್ಲ ಅಂತಿದ್ದವಳು. ಎರಡನೆಯವನು ದೇವರಾಜು..."

ದೇವರಾಜುವಿನ ಕೈ ಕ್ಯಾನಿನೊಳಗೇ ನಿಂತಿತು. "ನಂಗೊಬ್ಬಳು ಅಕ್ಕ ಇದ್ಲಾ, ಅವ್ವಾ?"

ಒಮ್ಮೆ ಹಿತ್ತಲಲ್ಲಿ ಸೆರಗು ಬಾಯಿಗೊತ್ತಿಕೊಂಡು ಪುಟ್ಟತಾಯಮ್ಮ ಚಲುವಮ್ಮನ ಹತ್ತಿರ ಹೇಳಿಕೊಂಡಿದ್ದ ಮಾತು ಅದು. ಚಲುವಮ್ಮ ಹಣೆ ಚಚ್ಚಿಕೊಂಡಳು. "ತಪ್ಪಾಯ್ತು ದೊಡ್ಡವ್ವ. ನೆಪ್ಪಿಗಿರ್ಲಿ ಅಂತ ಹೇಳ್ಕೊಟ್ಟಿದ್ದೆ, ಬಾಯ್ಬುಡು ಅಂದಿರ್ಲಿಲ್ಲ."

ಮುದುಕಿ ಗೋಡೆ ಹಿಡಿದು ಎದ್ದಳು. ಮಡಿಲಿನ ಅವರೆಕಾಳು ಹೊಸ್ತಿಲ ಮೇಲೆಲ್ಲ ಚೆಲ್ಲಿದವು. ಜಗಲಿಗೆ ಬಂದು ಚಿನ್ನುವಿನ ಎದುರು ಕೂತಳು.

"ನಿಮ್ಮಜ್ಜಿ ಅವಳೆಸ್ರ ಎತ್ತಬ್ಯಾಡ ಅಂದಿದ್ರು ಕಣ್ಲಾ ದೇವ. ಸತ್ತ ಕೂಸ್ನ ಕರೀಬಾರ್ದಂತೆ. ಐವತ್ತು ವರ್ಷ ಆಯ್ತು, ಈ ಬಾಗ್ಲಲ್ಲಿ ಯಾರೂ ಅಂದಿರ್ಲಿಲ್ಲ." ಆಮೇಲೆ ಹುಡುಗಿಯ ಗಲ್ಲ ಹಿಡಿದಳು. "ಇನ್ನೊಂದ್ ಸಲ ಅನ್ನು ಮಗ."

ಚಿನ್ನು ಅವ್ವನ ಮುಖ ನೋಡಿದಳು. ಚಲುವಮ್ಮ ತಲೆಯಾಡಿಸಿದಳು.

ದೇವರಾಜು ಪಂಚೆಗೆ ಕೈ ಒರೆಸಿಕೊಂಡು ತಾಯಿಯ ಪಕ್ಕದಲ್ಲಿ ಕೂತ. ಚಿನ್ನುವಿನ ಕಡೆ ತಿರುಗಿ ಕೇಳಿದ.

"ನಮ್ಮ ಅನೂನೂ ಸೇರಿಸ್ತೀಯೇನವ್ವಾ? ನನ್ನ ಮಗಳು."

"ಅವ್ಳು ಆಗ್ಲೇ ವಂಶದಲ್ಲೇ ಅವ್ಳೆ," ಎಂದಳು ಚಿನ್ನು. "ನೀವೇ ಮಧ್ಯ ಬಾಯಾಕ್ಬುಟ್ರಿ."

ಮುದುಕಿ ನಗುತ್ತ ಕಣ್ಣೊರೆಸಿಕೊಂಡಳು. ಚಿನ್ನು ಗಂಟೆ ಬಾರಿಸಿ ಮತ್ತೆ ಬೇರಿಂದ ಶುರುಮಾಡಿದಳು.