ಒಡೆಯದ ಮುದ್ರೆ

ದರ್ಜಿಗೆ ಹಳೆಯ ವಿಮಾನಗಳ ಹುಚ್ಚು. ಯಾವಾಗ ಹಿಡಿಯಿತೆಂದು ಯಾರಾದರೂ ಕೇಳಿದರೆ ಅವನ ಹೆಂಡತಿಯೇ ಉತ್ತರ ಕೊಡುತ್ತಿದ್ದಳು: "ಮದುವೆಗೆ ಮುಂಚೇನೇ ಇತ್ತು. ನಮ್ಮನೆಯವರಿಗೆ ಹೇಳದೆ ಮುಚ್ಚಿಟ್ಟು ನನ್ನ ಕೊರಳಿಗೆ ಕಟ್ಟಿದ್ರು."

ವಾರವಿಡೀ ಅಂಗಡಿಯಲ್ಲಿ ಪ್ಯಾಂಟಿನ ಅಂಚು ಮಡಿಸುವುದು, ಕೋಟಿನ ಅಸ್ತರು ಬದಲಿಸುವುದು. ರಜೆ ಬಂತೆಂದರೆ ಊರಾಚೆಯ ವಿಮಾನ ಸಂಗ್ರಹಾಲಯ. ತಗಡಿನ ಮಾಡಿನ ಆ ಉದ್ದನೆಯ ಷೆಡ್ಡಿನಲ್ಲಿ ಸಂಬಳವಿಲ್ಲದೆ ದುಡಿಯುವ ಒಂದು ಗುಂಪಿತ್ತು. ಅದರಲ್ಲಿ ಇವನೂ ಒಬ್ಬ. ಹರಿದ ಸೀಟಿಗೆ ಹೊಸ ಕ್ಯಾನ್ವಾಸು, ಸವೆದ ಬೆಲ್ಟಿಗೆ ಹೊಸ ಹೊಲಿಗೆ. ಸಂಜೆ ಹೆಂಡತಿ ದೇವರ ಮುಂದೆ ಕುಳಿತು ರಾಗವಾಗಿ ಪದ್ಯ ಓದುವಾಗ ಇವನು ಎದುರಿಗೇ ಕೂತಿರುತ್ತಿದ್ದ, ಆದರೆ ತೊಡೆಯ ಮೇಲೆ ವಿಮಾನದ ಪುಸ್ತಕ ತೆರೆದಿರುತ್ತಿತ್ತು. "ಒಂದು ಕಿವಿಯಾದ್ರೂ ಈ ಕಡೆ ಇದೆಯೇನ್ರೀ?" ಎಂದು ಅವಳು ಕೇಳುವುದು, ಇವನು "ಹೂಂ, ಹೂಂ" ಎನ್ನುವುದು, ಅದೂ ಒಂದು ಪಲ್ಲವಿಯೇ ಆಗಿಹೋಗಿತ್ತು.

ಆ ಗುಂಪಿನವರಿಗೊಂದು ನೇಮವಿತ್ತು. ವಿಮಾನದ ಮೈಮೇಲೆ ಹುಟ್ಟಿದಾಗಿನಿಂದ ಇರುವುದನ್ನು ಹಾಳುಮಾಡಬಾರದು. ಬಿಸಿಲಿಗೆ ಕಳೆಗುಂದುವಂಥದ್ದಿದ್ದರೆ ಅಸಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ವಿಮಾನಕ್ಕೆ ನಕಲು ತೊಡಿಸಬೇಕು. ಸಣ್ಣ ಯುದ್ಧವಿಮಾನವೊಂದು ಬಂದಾಗ ಅದರ ಸೀಟಿಗೆ ಸಿಕ್ಕಿಸಿದ್ದ ಉಕ್ಕಿನ ಪಿನ್ನು, ಅದಕ್ಕೆ ತೂಗುತ್ತಿದ್ದ ಕೆಂಪು ಪಟ್ಟಿ ಹಾಗೆಯೇ ಪೆಟ್ಟಿಗೆ ಸೇರಿದವು. ದರ್ಜಿ ಅಂಥದೇ ಹೊಸ ಪಟ್ಟಿ ಹೊಲಿದ, ಹಳೆಯದರ ಮೇಲಿದ್ದ ಅಕ್ಷರಗಳನ್ನೂ ದಾರದಲ್ಲಿ ಮೂಡಿಸಿದ. ಲೇತ್ ಯಂತ್ರ ಓಡಿಸುವ ಗೆಳೆಯನೊಬ್ಬ ಹಗುರ ಲೋಹದಲ್ಲಿ ಹೊಸ ಪಿನ್ನು ಕಡೆದುಕೊಟ್ಟ. "ಒಂದೆಳೆ ತೆಳ್ಳಗೇ ಇರ್ಲಿ, ತೂತಿನ ಹಳೇ ಬಣ್ಣ ಕೆರೆದುಹೋಗಬಾರದು," ಎಂದವನು ದರ್ಜಿಯೇ.

ಆ ವಿಮಾನದ ಕಾಕ್‌ಪಿಟ್ಟನ್ನು ಜನರಿಗೆ ತೆರೆಯುವ ದಿನ ಬಂತು. ಶಾಲೆಯ ಮಕ್ಕಳು ಬಾಗಿಲಾಚೆ ಸಾಲುಗಟ್ಟಿದ್ದರು. ಮೊದಲು ನನ್ನ ಹೆಂಡತಿ ಕೂರಲಿ, ಆಮೇಲೆ ಊರು ಕೂರಲಿ ಎಂದು ದರ್ಜಿ ಮೇಲ್ವಿಚಾರಕಿಯನ್ನು ಬೇಡಿಕೊಂಡಿದ್ದ. ಆಕೆ ನಕ್ಕು, ಮಕ್ಕಳನ್ನು ಹೊರಗೇ ತಡೆದು ನಿಂತಿದ್ದಳು.

ಹೆಂಡತಿ ತಾನೇ ಹೆಣೆದ ಗೊಂಡೆಯಂಚಿನ ಉಣ್ಣೆಯ ಶಾಲು ಹೊದ್ದು ಬಂದಳು. ಜೊತೆಗೆ ಅವಳ ತಮ್ಮನೂ ಬಂದಿದ್ದ. ವಾಯುಸೇನೆಯಲ್ಲಿ ವಿಮಾನಗಳಿಗೆ ಮದ್ದುಗುಂಡು ತುಂಬುವ ಕೆಲಸ ಮಾಡಿ ಈಚೆಗಷ್ಟೇ ನಿವೃತ್ತನಾದವನು. ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತು ಶೂಸಿನ ಲೇಸು ಬಿಚ್ಚಿ ಕಟ್ಟುತ್ತಿದ್ದ.

"ಬಾರೋ, ಹತ್ತಿರ ಬಂದು ನೋಡೋ," ಎಂದಳು ಅಕ್ಕ, ಏಣಿ ಹತ್ತುತ್ತಾ.

"ಜೀವಮಾನವೆಲ್ಲ ಇವುಗಳ ಹೊಟ್ಟೆ ಕೆಳಗೇ ಮಲಗಿದ್ದೀನಕ್ಕ. ನೀನು ನೋಡು. ಭಾವ ತಳ್ಳಿದರೆ ಹಾಗೇ ಹಾರಿಹೋಗು."

"ಹಾರಿಹೋದ್ರೆ ಇವರಿಗೆ ಅನ್ನ ಯಾರು ಹಾಕ್ತಾರೆ? ಪಿಸ್ಟನ್ನು ಬೇಯಿಸ್ಕೊಂಡು ತಿಂತಾರಾ?"

ಅವಳು ಒಳಗೆ ಇಳಿದು ಕುಳಿತಳು. ಸೀಟು ಅವಳ ಮೈಗೆ ಬಿಗಿಯಾಗಿತ್ತು. ಎರಡು ಮೊಣಕಾಲುಗಳ ನಡುವೆ ಹಳದಿ ಕಪ್ಪು ಪಟ್ಟೆಯ ಒಂದು ಹಿಡಿ. ಅದರ ಪಕ್ಕದಲ್ಲೇ ಗಂಡ ಹೊಲಿದ ಕೆಂಪು ಪಟ್ಟಿ. "ಹೊಲಿಗೆ ಚೆನ್ನಾಗಿದೆ, ನನ್ನ ರವಿಕೆ ಮಾತ್ರ ಯಾವತ್ತೂ ಕಂಕುಳಲ್ಲಿ ಬಿಗಿ," ಎಂದು ಮೇಲಿನಿಂದಲೇ ಕೂಗಿದಳು.

ದರ್ಜಿ ಕೆಳಗೆ ನಿಂತು ಹಿಗ್ಗಿ ಹೀರೇಕಾಯಾಗಿದ್ದ. ಭಾವಮೈದುನನ ಅಸಡ್ಡೆಯನ್ನು ಸ್ವಲ್ಪ ಮುರಿಯಬೇಕೆನ್ನಿಸಿತು.

"ನಿನ್ನ ಸೇನೆಯವರು ಇಂಥದ್ದನ್ನ ಇಟ್ಕೊಂಡಿರಲ್ಲ ಬಿಡು. ಪೈಲಟ್‌ನ ಆಕಾಶಕ್ಕೆ ಎಸೆಯೋ ಸೀಟು. ಬೆನ್ನಿನ ಹಿಂದೆ ಕೊಳವೆ ಇದೆಯಲ್ಲ, ಅದರ ತಲೆ ಮೇಲೆ ಕಾರ್ಖಾನೆಯವರು ಒತ್ತಿದ ಸೀಸದ ಮುದ್ರೆ. ಹಾಗ್ಹಾಗೇ ಇದೆ. ಒಡೆದಿಲ್ಲ, ತಂತಿ ಸಮೇತ ಹುಟ್ಟಿದ ಹಾಗೇ ಇದೆ. ದಿನಾ ಬಟ್ಟೇಲಿ ಒರೆಸ್ತೀನಿ."

ಲೇಸು ಕಟ್ಟುತ್ತಿದ್ದ ಕೈ ನಿಂತಿತು.

"ಒಡೆದಿಲ್ವಾ?"

"ಇಲ್ಲ ಅಂದ್ನಲ್ಲ."

"ಭಾವ, ಸೀಟು ಚಿಮ್ಮಿಸೋ ತೋಟಾ ತೆಗೀಬೇಕಾದ್ರೆ ಆ ಮುದ್ರೆ ಒಡೀಲೇಬೇಕು. ಬೇರೆ ದಾರಿನೇ ಇಲ್ಲ." ಅವನು ಎದ್ದು ನಿಂತಿದ್ದ. ಮಾತು ಪಿಸುಗುಟ್ಟುವಷ್ಟು ತಗ್ಗಿತ್ತು. "ಒಡೆದಿಲ್ಲ ಅಂದ್ರೆ ಮದ್ದು ಒಳಗೇ ಇದೆ."

"ಇಷ್ಟು ವರ್ಷದ ಮದ್ದು..."

"ಹಳೇದಾದ್ರೆ ಇನ್ನೂ ಕೆಟ್ಟದ್ದು. ಆ ಹಳದಿ ಹಿಡಿ ಎದ್ದರೆ ಸಿಡಿಯುತ್ತೆ. ಅದು ಏಳದ ಹಾಗೆ ಪಿನ್ನು ಹಾಕಿದೆಯಲ್ಲ, ಪುಣ್ಯ. ಅಕ್ಕನ್ನ ಮೆಲ್ಲಗೆ ಇಳಿಸೋಣ."

 ದರ್ಜಿಯ ಕಣ್ಣು ತಾನಾಗಿ ಗಾಜಿನ ಪೆಟ್ಟಿಗೆಯ ಕಡೆ ಹೊರಳಿತು. ಅಲ್ಲಿ ಮಖಮಲ್ಲಿನ ಮೇಲೆ ಉಕ್ಕಿನ ಪಿನ್ನು ಮಗುವಿನಂತೆ ಮಲಗಿತ್ತು. ಭಾವಮೈದುನ ಆ ನೋಟದ ಹಿಂದೆಯೇ ನೋಡಿದ.  

"ಹಾಗಾದ್ರೆ ಸೀಟಲ್ಲಿರೋದು?"

"ನಕಲು. ತೆಳ್ಳಗಿದೆ. ತಡೆಯಲ್ಲ."

ಮೇಲೆ ಕಬ್ಬಿಣದ ತೊಲೆಗಳು, ತಗಡಿನ ಮಾಡು. ಹೆಂಡತಿಯ ನರೆತ ತಲೆಗೂ ಆ ತೊಲೆಗೂ ನಡುವೆ ಎಷ್ಟು ಜಾಗವಿದೆಯೆಂದು ದರ್ಜಿಯ ಕಣ್ಣು ಅಳೆಯಿತು. ಅಳತೆಯೇ ಬದುಕಾಗಿದ್ದವನು, ಆ ಅಳತೆಯನ್ನು ಮಾತ್ರ ತಾಳಲಾರದೆ ಕಣ್ಣು ಮುಚ್ಚಿದ.

"ಸಾಕಪ್ಪ, ಸೊಂಟ ಹಿಡ್ಕೊಳ್ತು. ಇಳೀತೀನಿ," ಎಂದಳು ಅವಳು.

"ಬೇಡ!" ದರ್ಜಿ ಕೂಗಿಬಿಟ್ಟ. ಕೂಗಿದ ಮೇಲೆ ದನಿ ಇಳಿಸಿ, "ಹಾಗೇ ಇರು. ಫೋಟೋ ತೆಗೀಬೇಕು," ಎಂದ.

ಭಾವಮೈದುನ ಬೀಗವಿಲ್ಲದ ಪೆಟ್ಟಿಗೆಯಿಂದ ಪಿನ್ನು ತೆಗೆದು ತಂದ. ಏಣಿಯ ಮೇಲೆ ಕಾಲಿಡಹೋದವನನ್ನು ದರ್ಜಿ ತಡೆದ. ಅವನ ಕೈಯಿಂದ ಪಿನ್ನು ಕಿತ್ತುಕೊಂಡ.

"ಒಬ್ಬರೇ ಹತ್ತಿ. ಹಿಡಿ ಮೇಲೇಳೋಕೆ ಬಿಡಬೇಡಿ. ಸಿಡಿಯೋಕೆ ಒಂದು ಗೇಣೂ ಬೇಡ ಅದಕ್ಕೆ," ಎಂದ ಭಾವಮೈದುನ.

ಏಣಿಯ ಮೆಟ್ಟಿಲುಗಳು ಒಂದೊಂದೂ ನರಳಿದವು. ಬಾಗಿಲಾಚೆಯಿಂದ ಮಕ್ಕಳ ಗಲಾಟೆ, ಮೇಲ್ವಿಚಾರಕಿಯ "ತಾಳಿ, ತಾಳಿ." ದರ್ಜಿ ಕಾಕ್‌ಪಿಟ್ಟಿನ ಅಂಚಿನ ಮೇಲೆ ಬಗ್ಗಿದ. ಹೆಂಡತಿ ನಗುತ್ತಾ ತಿರುಗಿದಳು. ಗಂಡನ ಮುಖ ನೋಡಿದಳು. ನಗು ಹಾಗೆಯೇ ಅರ್ಧಕ್ಕೆ ನಿಂತಿತು.

"ಕ್ಯಾಮೆರಾ ಎಲ್ಲಿ?"

ಅವನು ಅವಳ ಮಡಿಲ ಕಡೆ ಬಗ್ಗಿ ನೋಡಿದ. ಶಾಲಿನ ಗೊಂಡೆಗಳು ಹಳದಿ ಹಿಡಿಗೆ ಸುತ್ತಿಕೊಂಡಿದ್ದವು. ಅವಳು ಇಳಿಯಲೆಂದು ಮೈ ಎತ್ತಿದಾಗ ಎಳೆದಿರಬೇಕು. ಹಿಡಿ ತನ್ನ ಗೂಡಿನಿಂದ ಬೆರಳಗಲ ಮೇಲೆದ್ದು ಓರೆಯಾಗಿ ನಿಂತಿತ್ತು.

"ಏನಾಯ್ತು ಹೇಳ್ರೀ. ಇಷ್ಟು ವರ್ಷ ಈ ಮುಖ ನೋಡಿದ್ದೀನಿ. ನಿಮ್ಮಮ್ಮ ಹೋದಾಗಲೂ ಹೀಗಿರಲಿಲ್ಲ."

ಸುಳ್ಳು ಹೇಳಿದರೆ ಅವಳು ಅಲುಗುತ್ತಾಳೆ, ನಿಜ ಹೇಳಿದರೆ ನಡುಗುತ್ತಾಳೆ. ದರ್ಜಿ ನಿಜವನ್ನೇ ಹೇಳಿದ, ಒಂದೇ ಉಸಿರಿಗೆ. "ಸೀಟಿನ ಹಿಂದೆ ಮದ್ದಿದೆ. ಶಾಲು ಈ ಹಿಡಿಗೆ ಸಿಕ್ಕಿಕೊಂಡಿದೆ. ಹಿಡಿ ಎದ್ದರೆ ಸಿಡಿಯುತ್ತೆ. ಶಾಲು ಬಿಟ್ಟು ನೀನು ಮಾತ್ರ ಮೆಲ್ಲಗೆ ಜಾರಿ ಬರಬೇಕು."

ಅವಳು ಮೇಲಿನ ತೊಲೆಯನ್ನು ನೋಡಿದಳು. ಕೂಗಲಿಲ್ಲ. ಆದರೆ ಮೊಣಕಾಲು ನಡುಗತೊಡಗಿತು, ಅದರ ಜೊತೆಗೆ ಗೊಂಡೆಗಳೂ, ಗೊಂಡೆಗಳ ಜೊತೆಗೆ ಆ ಹಿಡಿಯೂ.

"ಕಾಲು ನಿಲ್ತಾ ಇಲ್ಲ ಕಣ್ರೀ. ನಾನು ನಡುಗಿಸ್ತಾ ಇಲ್ಲ, ಅದೇ ನಡುಗ್ತಾ ಇದೆ."

"ಪದ್ಯ ಹೇಳು."

"ಈಗಲಾ?"

"ಈಗಲೇ. ಸಂಜೆ ಹೇಳೋದು. ಮೆಲ್ಲಗೆ."

ಅವಳು ಕಣ್ಣು ಮುಚ್ಚಿದಳು. ದನಿ ಒಡೆದು, ಮತ್ತೆ ಕೂಡಿತು.

"ಕತ್ತಲೆಯ ಕಡಲಲ್ಲಿ ಕೈಹಿಡಿದ ದೊರೆಯೇ,
ಎತ್ತ ನೋಡಿದರತ್ತ ನಿನ್ನ ಕಣ್ಣ ಸೊಡರೇ..."

ಮೊಣಕಾಲಿನ ನಡುಕ ತಗ್ಗಿತು. ದರ್ಜಿ ಹಿಡಿಯ ನೆತ್ತಿಯನ್ನು ಎಡ ಅಂಗೈಯಿಂದ ಮುಚ್ಚಿದ. ಒತ್ತಲಿಲ್ಲ, ಎದ್ದರೆ ತಡೆಯುವಷ್ಟೇ. ಬಲಗೈಯಿಂದ ಅವಳ ಭುಜದ ಮೇಲಿನ ಶಾಲನ್ನು ಸರಿಸಿದ. ಅಷ್ಟರಲ್ಲಿ ರಾಗ ನಿಂತಿತು.

"ಮುಂದಿನದು ಮರೆತುಹೋಯ್ತು." ಅವಳ ಕಣ್ಣಲ್ಲಿ ನೀರು. "ದಿನಾ ಹೇಳೋದು, ಮರೆತೇಹೋಯ್ತಲ್ಲ ದೇವರೇ."

ಕಾಲು ಮತ್ತೆ ನಡುಗಿತು. ಅಂಗೈಯ ಕೆಳಗೆ ಲೋಹ ಮಿಸುಕಿದ್ದು ದರ್ಜಿಗೆ ತಿಳಿಯಿತು.

"ಸುತ್ತ ಮುಳ್ಳಿರಲಿ, ನಡುವೆ ಹೂವೊಂದು ನಗಲಿ," ಎಂದ ದರ್ಜಿ. ರಾಗ ಗೀಗ ಏನೂ ಇಲ್ಲ, ಬಟ್ಟೆಯ ಅಳತೆ ಹೇಳುವವನ ದನಿ. "ಇತ್ತ ಉಸಿರನು ನೀನೆ ಕಾಯಬೇಕಲ್ಲವೇ. ಹೇಳು, ನಿಲ್ಲಿಸಬೇಡ."

ಅವಳು ಅವನನ್ನು ದಿಟ್ಟಿಸಿದಳು. ಆಮೇಲೆ ಹೇಳಿದಳು. ಹೇಳುತ್ತಲೇ ಒಂದು ತೋಳು ಶಾಲಿನಿಂದ ಜಾರಿತು, ಆಮೇಲೆ ಇನ್ನೊಂದು. ಹಾವು ಪೊರೆ ಬಿಡುವಂತೆ ಮೈಯನ್ನು ಹಿಂದಕ್ಕೆಳೆದು, ಸೀಟಿನ ಬೆನ್ನಿಗೆ ಆತು ಏರಿ, ಅಂಚಿನ ಮೇಲೆ ಕಾಲು ಚಾಚಿದಳು. ಮೆಟ್ಟಿಲು ಸಿಗದೆ ಪಾದ ಗಾಳಿಯಲ್ಲಿ ತಡಕಾಡಿತು. ತಮ್ಮ ಕೆಳಗಿನಿಂದ ಆ ಪಾದವನ್ನು ಹಿಡಿದು ಮೆಟ್ಟಿಲ ಮೇಲಿಟ್ಟ. ಪದ್ಯ ಮುಗಿಯುವ ಮೊದಲೇ ಅವಳು ನೆಲದ ಮೇಲೆ ಕುಸಿದು ಕುಳಿತಳು.

ದರ್ಜಿ ಮಾತ್ರ ಅಲ್ಲೇ ಉಳಿದ. ಅವನ ಎದೆ, ಮುಖ ಎರಡೂ ಈಗ ಸೀಟಿನ ನೇರಕ್ಕೆ ಬಾಗಿದ್ದವು.

"ಬನ್ನಿ ಭಾವ, ಸೇನೆಯವರಿಗೆ ಹೇಳಿಕಳಿಸೋಣ. ಅವರು ಬಂದು ನೋಡ್ಕೊಳ್ಳಲಿ."

"ಕೈ ತೆಗೆದರೆ ಹಿಡಿ ಎಲ್ಲಿ ನಿಲ್ಲುತ್ತೋ ಗೊತ್ತಿಲ್ಲ."

ಅವನು ನಕಲಿ ಪಿನ್ನನ್ನು ಎಳೆದ. ಬೆಣ್ಣೆಯಿಂದ ಕೂದಲೆಳೆ ತೆಗೆದಷ್ಟು ಸಲೀಸಾಗಿ ಬಂತು.  ಅಸಲಿ ಪಿನ್ನನ್ನು ತೂತಿಗಿಟ್ಟ. ಒಳಗೆ ಹೋಗಲಿಲ್ಲ. ಹಿಡಿ ಮೇಲೆದ್ದಿದ್ದರಿಂದ ತೂತುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ.

"ನೇರ ಕೆಳಗೊತ್ತಿ," ಎಂದ ಭಾವಮೈದುನ. "ಓರೆ ಬೇಡ."

ದರ್ಜಿ ಒತ್ತಿದ. ಎಲ್ಲೋ ಒಳಗೆ ಲೋಹ 'ಟಕ್' ಎಂದಿತು. ಕೆಳಗಿದ್ದ ಇಬ್ಬರೂ ಉಸಿರು ಹಿಡಿದರು. ಏನೂ ಆಗಲಿಲ್ಲ. ಪಿನ್ನು ಹಳೆಯ ಬಣ್ಣವನ್ನು ಕೆರೆಯುತ್ತಾ, ಬಿಗಿಯಾಗಿ, ಬುಡದವರೆಗೆ ಇಳಿಯಿತು.

"ಆಯ್ತು. ಇನ್ನು ಕೈಬಿಡಿ ಭಾವ."

ದರ್ಜಿ ಬಿಡಲಿಲ್ಲ.

"ಭಾವ, ಕೂತ್ಕೊಂಡಿದೆ. ಇನ್ನು ಬಿಡಬಹುದು."

"ಬರ್ತಾ ಇಲ್ಲ," ಎಂದ ದರ್ಜಿ. ಹೆಬ್ಬೆರಳು ಪಿನ್ನಿನ ತಲೆಯ ಮೇಲೆ ಬೆಳ್ಳಗಾಗಿತ್ತು. ಬಿಡಬೇಕೆಂದು ಅವನಿಗೆ ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ. ಮುದ್ರೆ ಒಡೆದಿಲ್ಲವೆಂದು ಅಷ್ಟು ದಿನ ಬೀಗಿದವನಿಗೆ ಈಗ ಯಾವ ಲೋಹದ ಮೇಲೂ ನಂಬಿಕೆ ಉಳಿದಿರಲಿಲ್ಲ.

ಏಣಿ ನರಳಿತು. ತಿರುಗಿ ನೋಡಿದರೆ ಹೆಂಡತಿ ಹತ್ತುತ್ತಿದ್ದಳು. ಶಾಲಿಲ್ಲದ ಭುಜಗಳು ಗಡಗಡ ನಡುಗುತ್ತಿದ್ದವು.

"ಬರಬೇಡ! ಲೇ, ಇಳಿ! ಹಿಡ್ಕೊಳೋ ಅವಳನ್ನ!"

"ನೀವು ಇಳಿಯೋ ತನಕ ನಾನೂ ಇಳಿದ ಹಾಗಲ್ಲ," ಎಂದಳು. ಮೇಲೆ ಬಂದು ಅವನ ಪಕ್ಕಕ್ಕೆ ಬಗ್ಗಿದಳು. ತಣ್ಣಗಿನ ಬೆರಳುಗಳಿಂದ ಅವನ ಕಿರುಬೆರಳನ್ನು ಬಿಡಿಸಿದಳು, ಆಮೇಲೆ ಪಕ್ಕದ್ದು. ಹೆಬ್ಬೆರಳು ಮಾತ್ರ ಜಗ್ಗಲಿಲ್ಲ.

"ಬಿಡ್ರೀ."

"ಬಿಟ್ರೆ?"

"ಬಿಟ್ರೆ ಏನಾಗುತ್ತೆ ಅಂತ ಇಬ್ಬರೂ ನೋಡೋಣ."

ಬಾಗಿಲಾಚೆ ಮಕ್ಕಳು ತಗಡನ್ನು ಬಡಿಯತೊಡಗಿದರು. ಅವಳು ತನ್ನ ಉಗುರನ್ನು ಅವನ ಹೆಬ್ಬೆರಳ ಅಡಿಗೆ ತೂರಿಸಿ, ಮೆಲ್ಲಗೆ ಎತ್ತಿದಳು.