ತೊಟ್ಟಿಯ ತಳದ ನಟ್ಟು

ವಿಲ್‌ಫ್ರೀಡ್ ಹೆರ್ನೆ ಊರಿನಲ್ಲಿ ನಲವತ್ತೆರಡು ವರ್ಷ ಪ್ಲಂಬರ್ ಕೆಲಸ ಮಾಡಿ ನಿವೃತ್ತನಾದವನು. ತಾನು ಜೋಡಿಸಿದ ಒಂದು ಪೈಪೂ ಸೋರಿದ್ದಿಲ್ಲ ಅಂತ ಹೇಳಿಕೊಳ್ಳುತ್ತಾನೆ. ಇಲ್ಲ ಅನ್ನುವ ಧೈರ್ಯ ಯಾರಿಗಿದೆ? ಈಗ ಎರಡು ವರ್ಷದಿಂದ ಕೈಗೆ ಸಂಧಿವಾತ. ಬೆರಳು ಪೂರ್ತಿ ಮಡಚುವುದಿಲ್ಲ, ಬೆಳಗ್ಗೆ ಜಾಮ್ ಬಾಟಲಿಯ ಮುಚ್ಚಳ ತಿರುಗಿಸಲೂ ಆಗುವುದಿಲ್ಲ. ಹೆಂಡತಿ ಮಾರ್ಲೀಸ್ ಎದುರಿಗೇ ಕೂತಿರುತ್ತಾಳೆ, ಕೇಳಿದರೆ ತೆಗೆದುಕೊಡುತ್ತಾಳೆ. ಆದರೆ ಕೇಳಬೇಕಲ್ಲ! ಅದಕ್ಕೇ ಬರೀ ಬೆಣ್ಣೆ ಸವರಿದ ಬ್ರೆಡ್ಡು ತಿಂದು, ಜಾಮ್ ಈಗೀಗ ಸೇರುವುದಿಲ್ಲ ಅನ್ನುತ್ತಾನೆ.

ಅಂಥವನು ಪಕ್ಕದ ಊರಿನ ಫ್ರಾವ್ ಪಿಯೋಂಟೆಕ್ ಎಂಬ ಹೆಂಗಸಿನಿಂದ ನಾನೂರು ಲೀಟರಿನ ಹಳೇ ಮೀನಿನ ತೊಟ್ಟಿ ಕೊಂಡು ತಂದ. ಅದರ ಮೂಲೆಯಲ್ಲೊಂದು ಗಾಜಿನ ಗೂಡು. ಹೆಚ್ಚಾದ ನೀರು ಆ ಗೂಡಿಗೆ ಬಿದ್ದು, ತಳದ ತೂತಿನ ಪೈಪಿನಿಂದ ಕೆಳಗಿನ ಸೋಸುವ ಡಬ್ಬಕ್ಕೆ ಇಳಿಯಬೇಕು. ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳಬೇಕು. ಇಳಿಯುವ ಪೈಪು ಇಡೀ ದಿನ ಗೊಳಗೊಳ ಅನ್ನುತ್ತಿತ್ತು.

"ಹಾಲ್‌ನಲ್ಲಿ ಕಕ್ಕಸು ಇಟ್ಕೊಂಡಂಗಿದೆ ಕಣೋ," ಅಂದಳು ಮಾರ್ಲೀಸ್. "ಟೋರ್ಸ್ಟೆನ್‌ನ ಕರೀಲಾ?"

ಟೋರ್ಸ್ಟೆನ್ ಇವನ ಕೈಕೆಳಗೇ ಕೆಲಸ ಕಲಿತವನು. ಈಗ ಅವನಿಗೆ ಸ್ವಂತ ಅಂಗಡಿ, ಮೂರು ವ್ಯಾನು.

"ನಾನು ಸತ್ತ ಮೇಲೆ ಕರಿ," ಅಂದ ವಿಲ್‌ಫ್ರೀಡ್.

ಸದ್ದು ನಿಲ್ಲಿಸಲು ತಾನೇ ಹಳೇ ಪೈಪು ಕಿತ್ತ. ತೂತಿಗೆ ಹೊಸ ಪ್ಲಾಸ್ಟಿಕ್ ಜೋಡಣೆ ತಂದ. ಅದರ ತಿರುಪಿನ ಗೆರೆಗಳಿಗೆ ಸೆಣಬಿನ ನಾರು ಸುತ್ತಿ, ಸೋರದ ಹಾಗೆ ಲೇಪ ಮೆತ್ತಿದ. ಅವನ ಕಾಲದ ಪ್ಲಂಬರುಗಳು ಬೇರೇನನ್ನೂ ನಂಬುವುದಿಲ್ಲ. ಇನ್ನು ನಟ್ಟು ಬಿಗಿಯುವುದು. ಬೆರಳು ಕೈಕೊಟ್ಟರೇನು, ಉದ್ದ ಹಿಡಿಯ ಪೈಪ್ ರೆಂಚಿಗೆ ಮೈಭಾರವನ್ನೆಲ್ಲ ಬಿಟ್ಟ. ನೀರು ತುಂಬಿಸಿ, ಗೆದ್ದೆ ಅಂದುಕೊಂಡ.

ಬೆಳಗ್ಗೆ ನೋಡಿದರೆ ತಳದಲ್ಲಿ ತೊಟ್ಟಿಕ್ಕುತ್ತಿದೆ. ರೆಂಚು ಹಾಕಿ ಇನ್ನಷ್ಟು ಬಿಗಿದ. ಹನಿ ಜೋರಾಯಿತು. ಹಲ್ಲು ಕಚ್ಚಿ ಮತ್ತೊಂದು ಸುತ್ತು ತಿರುಗಿಸಿದ. ಟಿಕ್ ಅಂತ ಸದ್ದಾಯಿತು, ನೀರು ಅವನ ಮುಖಕ್ಕೇ ಸುರಿಯಿತು.

ಮನೆಯ ಟವೆಲುಗಳೆಲ್ಲ ನೆಲಕ್ಕೆ ಬಂದವು. ಮಾರ್ಲೀಸ್ ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಉರಿಯಿತು. "ನಾಳೆ ಸಂಜೆವರೆಗೆ ಟೈಮು ನಿಂಗೆ. ಆಮೇಲೆ ಟೋರ್ಸ್ಟೆನ್ ಬರ್ತಾನೆ," ಅಂದಳು. ಟೋರ್ಸ್ಟೆನ್ ಬಂದು ತೊಟ್ಟಿಯ ಕೆಳಗೆ ಅಂಗಾತ ಮಲಗಿ, ಇವನ ಮರ್ಯಾದೆ ಕಾಯಲು ಏನೂ ಮಾತಾಡದೆ ಕೆಲಸ ಮುಗಿಸಿ ಹೋಗುತ್ತಾನೆ. ಅದನ್ನು ನೆನೆಸಿಕೊಂಡೇ ವಿಲ್‌ಫ್ರೀಡನಿಗೆ ಸಿಟ್ಟು ಬಂತು. ಆ ಸಿಟ್ಟನ್ನು ತೀರಿಸಿಕೊಳ್ಳಲು ಫ್ರಾವ್ ಪಿಯೋಂಟೆಕ್‌ಗೆ ಫೋನ್ ಹಚ್ಚಿದ.

"ಎಂಥಾ ತೊಟ್ಟಿ ಮಾರಿದೀರ್ರೀ ನಂಗೆ? ಸೋರ್ತಾ ಇದೆ!"

"ನನ್ನ ಮನೇಲಿ ಹದಿನಾಲ್ಕು ವರ್ಷ ಸೋರ್ಲಿಲ್ಲ. ಏನ್ ಮಾಡಿದ್ರಿ ಹೇಳಿ."

ಹೇಳಿದ. ನಾರು, ಲೇಪ, ರೆಂಚು, ಎಲ್ಲವನ್ನೂ.

"ಅಯ್ಯೋ, ನೀವು ಪ್ಲಂಬರ್ರಾ?" ಅಂದಳು ಆಕೆ, ಕಾಯಿಲೆ ಪತ್ತೆಹಚ್ಚಿದವಳ ಹಾಗೆ. "ಪ್ಲಂಬರುಗಳೆಲ್ಲ ಹೀಗೇ ಮಾಡೋದು. ನಾರು ನೀರು ಕುಡಿದು ಉಬ್ಬತ್ತೆ, ಪ್ಲಾಸ್ಟಿಕ್ ಸೀಳತ್ತೆ. ರೆಂಚು ಉಳಿದಿದ್ದನ್ನ ಮುಗಿಸತ್ತೆ. ನಾರೂ ಬೇಡ, ಲೇಪಾನೂ ಬೇಡ. ಒಳಗಡೆ ರಬ್ಬರ್ ವಾಷರ್ ಹಾಕಿ, ನಟ್ಟನ್ನ ಕೈಯಲ್ಲಿ ತಿರುಗ್ಸಿ. ಬರೀ ಕೈಯಲ್ಲಿ."

ವಿಲ್‌ಫ್ರೀಡ್ ಅಡುಗೆಮನೆಯ ಕಡೆ ನೋಡಿದ. ಮಾರ್ಲೀಸ್ ದೂರದಲ್ಲಿದ್ದಳು. ದನಿ ತಗ್ಗಿಸಿ, "ನನ್ನ ಕೈಯಲ್ಲಿ ಶಕ್ತಿ ಇಲ್ಲಮ್ಮ. ಜಾಮ್ ಬಾಟ್ಲಿ ತೆಗೆಯೋಕೂ ಆಗಲ್ಲ," ಅಂದ. ಇದನ್ನು ಬಾಯಿಬಿಟ್ಟು ಯಾರಿಗಾದರೂ ಹೇಳಿದ್ದು ಅದೇ ಮೊದಲು.

"ಅದಕ್ಕೇನಂತೆ? ನಂದೂ ಅದೇ ಕೈ, ಅದೇ ನೋವು. ಹದಿನಾಲ್ಕು ವರ್ಷ ಈ ಕೈಯಲ್ಲೇ ಬಿಗಿದಿದ್ದು. ಗಟ್ಟಿ ಕೈಯೋರು ಬಂದ್ರೆ ನಾನು ಆ ನಟ್ಟು ಮುಟ್ಟಕ್ಕೇ ಬಿಡ್ತಿರಲಿಲ್ಲ."

ಅಂದೇ ಹೋಗಿ ಹೊಸ ಜೋಡಣೆ ತಂದ. ರೆಂಚನ್ನು ಪೆಟ್ಟಿಗೆಯಲ್ಲಿಟ್ಟು ಬಾಗಿಲಾಚೆ ಇಟ್ಟ. ಹತ್ತಿರವಿದ್ದರೆ ಕೈ ಸುಮ್ಮನಿರದು ಅಂತ ಅವನಿಗೆ ಗೊತ್ತಿತ್ತು. ಅಂಗಾತ ಮಲಗಿ, ವಾಷರ್ ಸರಿಯಾಗಿ ಕೂತಿದೆಯಾ ಅಂತ ಎರಡು ಸಲ ಸವರಿ ನೋಡಿ, ನಟ್ಟು ತಿರುಗಿಸತೊಡಗಿದ. ಬೆರಳಿನ ಗೆಣ್ಣುಗಳು ಉರಿದವು. ಒಂದು ಹಂತದಲ್ಲಿ ಕೈ ಸಾಕು ಅಂದಿತು. ಇಷ್ಟೇ ಸಾಕಾ ಅಂತ ನಲವತ್ತೆರಡು ವರ್ಷದ ಅನುಭವವೆಲ್ಲ ಒಳಗೆ ಬೊಬ್ಬೆ ಹಾಕಿತು. ಅವನು ಕೈಯ ಮಾತು ಕೇಳಿದ. ನೀರು ತುಂಬಿಸಿ, ಪಂಪು ಹಾಕಿ, ಕೆಳಗೆ ಹಳೇ ಪೇಪರು ಹಾಸಿದ.

ಬೆಳಗ್ಗೆ ಅವನಿಗಿಂತ ಮುಂಚೆ ಎದ್ದವಳು ಮಾರ್ಲೀಸ್. ಇವನು ಬಂದಾಗ ಮೊಣಕಾಲೂರಿ ಪೇಪರಿನ ಮೇಲೆ ಅಂಗೈ ಆಡಿಸುತ್ತಿದ್ದಳು.

"ಒಣಗಿದೆ," ಅಂದಳು. "ಸದ್ದೂ ಇಲ್ಲ. ಯಾವ ರೆಂಚಲ್ಲಿ ಬಿಗಿದೆ?"

"ಕೈಯಲ್ಲಿ."

ಅವಳು ಅವನ ಕೈಗಳನ್ನೇ ನೋಡಿದಳು. ಇಬ್ಬರೂ ತಿಂಡಿಗೆ ಕೂತರು. ವಿಲ್‌ಫ್ರೀಡ್ ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಜಿನ ನಡುವೆ ಇದ್ದ ಜಾಮ್ ಬಾಟಲಿಯನ್ನು ಹೆಂಡತಿಯ ಕಡೆ ತಳ್ಳಿದ.

"ಇದನ್ನ ಸ್ವಲ್ಪ ತೆಗೆದುಕೊಡೆ," ಅಂದ.