ನಲವತ್ತು ಗ್ರಾಂ

ಇಡ್ಲಿ ತಟ್ಟೆ ಅಂದುಬಿಟ್ಟರು, ಕೌದಳ್ಳಿ ಟೀ ಅಂಗಡಿ ಮುಂದೆ, ಹದಿನಾರು ಹುಡುಗ ಹುಡುಗಿಯರು ಸೈಕಲ್ ಹಿಡಿದು ನಿಂತಿರುವಾಗ, ಅಷ್ಟೂ ಜನರೆದುರು — ಲೇ ಮಾದು, ಇದೇನ್ಲಾ ಇದು, ಸೈಕಲ್ಲೋ ಇಡ್ಲಿ ತಟ್ಟೆಯೋ, ಇಷ್ಟೊಂದ್ ತೂತಾ, ನಿನ್ ತಲೇಗೂ ಒಂದ್ಸಲ ಡ್ರಿಲ್ ಆಕುಸ್ಕಂಡಿದ್ದೀಯಾ ಎಂಗೆ — ನಗು ಮೊದಲು ಬೆಂಚಿನ ಮೇಲಿಂದ ಬಂತು, ಆಮೇಲೆ ಹುಡುಗರಿಂದ, ಕೊನೆಗೆ ಟೀ ಸೋಸುತ್ತಿದ್ದವನೂ ಪಾತ್ರೆ ಕೆಳಗಿಟ್ಟು ಬಗ್ಗಿ ನೋಡಿ ನಕ್ಕ. ಶಾಂತರಾಜು ಮೇಷ್ಟ್ರು, ಪಿಟಿ ಮೇಷ್ಟ್ರು, ಒಂಬತ್ತನೇ ಕ್ಲಾಸಿನಲ್ಲಿ ಬೆಲ್ಟ್ ಹಾಕಿಲ್ಲ ಅಂತ ಪ್ರೇಯರ್ ಸಾಲಿನಿಂದ ನನ್ನನ್ನು ಕಾಲರ್ ಹಿಡಿದು ಎಳೆದವರು, ಅವತ್ತೂ ಹೀಗೇ ನಗು, ಅವತ್ತು ಗೇಟು ದಾಟಿದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ, ಈಗ ಅವರ ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ ಅಷ್ಟೆ, ಬಾಯಿ ಅದೇ. ಉತ್ತರ ಕೊಡಬೇಕು. ನಾಲಿಗೆ ತುದಿಯಲ್ಲೇ ಇದೆ, ಸಾ, ಒಂದ್ ಕಿತ ಎತ್ತಿ ನೋಡಿ ಸಾ, ಒಂದೇ ಕೈಯಲ್ಲಿ, ಆಮೇಲೆ ಮಾತಾಡಿ, ಹೋದ ವರ್ಷ ಹದಿನೈದು ಕೆಜಿ ಇದ್ದದ್ದು ಈಗ ಹನ್ನೊಂದೂವರೆ, ನಿಮ್ಮ ಯಾವ ಹುಡುಗನ ಸೈಕಲ್ ಇಷ್ಟು ಹಗುರ ಇದೆ ತೋರಿಸಿ — ಅನ್ನಬೇಕು, ಗಟ್ಟಿಯಾಗಿ ಅನ್ನಬೇಕು, ಬಾಯಿ ಬರುತ್ತಿಲ್ಲ, ಯಾಕೆ ಬರುತ್ತಿಲ್ಲ ಅಂತ ನನಗೆ ಗೊತ್ತು, ಗೊತ್ತಿದ್ದೂ ಬೇರೆ ಕಡೆ ನೋಡುತ್ತಿದ್ದೇನೆ, ರಸ್ತೆ ಆಚೆ ದೀಪಳ ಕಡೆ. ನನ್ನ ತಂಗಿ. ಬೆನ್ನಿಗೆ ನಂಬರ್ ಬಟ್ಟೆ ಪಿನ್ ಮಾಡಿಸಿಕೊಳ್ಳುತ್ತಾ ನಿಂತಿದ್ದಾಳೆ, ಅವಳು ನಗಲಿಲ್ಲ, ಬಿಡಣ್ಣ ಅನ್ನುವ ಹಾಗೆ ತಲೆ ಅಲ್ಲಾಡಿಸಿದಳು. ನಲವತ್ತಮೂರು ಕೆಜಿ ಹುಡುಗಿ. ಇವತ್ತಿನ ರೇಸು ಇಲ್ಲಿಂದ ತಾಳಬೆಟ್ಟ, ಅಲ್ಲಿಂದ ಘಾಟಿ ಹತ್ತಿ, ಇಳಿದು, ಮತ್ತೆ ಇಲ್ಲಿಗೇ ವಾಪಸ್, ಹುಡುಗಿಯರಲ್ಲಿ ಮೊದಲ ಮೂವರು ಜಿಲ್ಲಾ ತಂಡಕ್ಕೆ. ಹೋದ ವರ್ಷ ಅವಳು ನಾಲ್ಕನೆಯವಳು. ಮೂರನೆಯವಳು ಒಂದು ಸೈಕಲ್ ಉದ್ದ ಮುಂದಿದ್ದಳು, ಅಷ್ಟೇ, ನಾನು ಇದೇ ಟೀ ಅಂಗಡಿ ಹತ್ತಿರ ನಿಂತು ನೋಡಿದ್ದೆ, ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಕೊಟ್ಟು ಕೂತಳು, ಹನೂರು ಬಂತು, ಕೊಳ್ಳೇಗಾಲ ಬಂತು, ಇಳಿಯುವಾಗ ಮಾತ್ರ, ಸೈಕಲ್ ಭಾರ ಅಣ್ಣ, ಅಂದಳು.

ಭಾರ. ಷಡಕ್ಷರಣ್ಣನ ಗ್ರಿಲ್ ಅಂಗಡಿಯಲ್ಲಿ ಏಳು ವರ್ಷದಿಂದ ನಾನು ಮಾಡುವುದೇ ಭಾರ, ಗೇಟು, ಕಿಟಕಿ, ಮೆಟ್ಟಿಲ ಕಂಬಿ, ಎಲ್ಲಾ ಕೆಜಿ ಲೆಕ್ಕ, ಬಂದವರು ಒಂದು ತುದಿ ಎತ್ತಿ ನೋಡುತ್ತಾರೆ, ಎತ್ತಲು ಆಗದಿದ್ದರೆ ಮುಖ ಅರಳುತ್ತದೆ, ಗಟ್ಟಿ ಮಾಲು ಕಣಪ್ಪ ಅನ್ನುತ್ತಾರೆ. ಆ ಕೈಯಿಂದಲೇ ಇದನ್ನು ಹಗುರ ಮಾಡಲು ಕೂತೆ. ಮೊದಲು ಸ್ಟ್ಯಾಂಡು, ಮಡ್‌ಗಾರ್ಡು, ರಿಫ್ಲೆಕ್ಟರು, ಬೆಲ್ಲು. ಆಮೇಲೆ ಸೀಟು ಕಂಬಿಯನ್ನು ಅವಳ ಅಳತೆಗೆ ಕತ್ತರಿಸಿದೆ. ಆಮೇಲೆ ಒಂದೊಂದು ಬೋಲ್ಟಿನ ತುದಿ, ನಟ್ಟು ದಾಟಿ ಹೊರಗೆ ಇಣುಕುವ ಎರಡು ಸುತ್ತು ತಿರುಪು, ಅದು ಯಾಕೆ ಬೇಕು, ಉಜ್ಜು. ಪೇಂಟ್ ಯಾಕೆ ಬೇಕು, ಕೆರೆ. ಟೈರಿನ ಮೇಲೆದ್ದ ಗುಬಟುಗಳನ್ನು ಬ್ಲೇಡಿನಿಂದ ಅರ್ಧರ್ಧ ಕುಯ್ದೆ, ಮೂರು ಭಾನುವಾರ ಹಿಡಿಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಎದುರುಗಡೆ ತರಕಾರಿ ಶಿವನಂಜಮ್ಮನ ತಕ್ಕಡಿಗೆ ಓಡುವುದು, ಅವಳದು ಬಟನ್ ತಕ್ಕಡಿ, ಗ್ರಾಂ ಲೆಕ್ಕ ತೋರಿಸುತ್ತದೆ — ಬಂದ್ಯಾ, ಇವತ್ತೇನಪ್ಪಾ, ನಟ್ಟೋ ಬೋಲ್ಟೋ, ವಸಿ ಕೊತ್ತಂಬ್ರಿ ಸೊಪ್ಪೂ ಆಕ್ಲಾ ಜೊತೇಲಿ — ತರಕಾರಿಗೆ ಬಂದ ಹೆಂಗಸರಿಗೆಲ್ಲಾ ನನ್ನದೇ ಕತೆ, ನೋಡ್ರಮ್ಮ, ಇವ್ನು ಸೈಕಲ್ ಸಣ್ಣ ಮಾಡ್ತಾವ್ನೆ, ಲೇ, ಆ ಮಗೀಗೆ ದಿನಾ ಒಂದ್ ಮುದ್ದೆ ಜಾಸ್ತಿ ಇಕ್ಲಾ, ಸೈಕಲ್ ತಾನೇ ಅಗುರಾಯ್ತದೆ. ನಾನು ಕೇಳಿಸಿಕೊಳ್ಳಲಿಲ್ಲ. ತಕ್ಕಡಿಯ ಕೆಂಪು ಅಂಕಿ ಒಂದು ಇಳಿದರೆ ಎದೆಯಲ್ಲಿ ಏನೋ ಸಡಿಲವಾಗುತ್ತಿತ್ತು, ಅದು ಸಾಲದೆ ಇನ್ನೊಂದು ಇಳಿಸಬೇಕು ಅನ್ನಿಸುತ್ತಿತ್ತು. ದೀಪಳ ಶೂ ತೂಗಿದೆ. ನೀರಿನ ಬಾಟಲಿ ತೂಗಿ ಅರ್ಧ ತುಂಬು ಸಾಕು ಅಂದೆ. ಇನ್ನೇನು ನನ್ ಕೂದ್ಲೂ ತೂಗ್ತೀಯಾ ಅಣ್ಣ ಅಂತ ನಕ್ಕಳು, ನಾನು ನಗಲಿಲ್ಲ, ಅವಳ ಜಡೆಯನ್ನೇ ನೋಡುತ್ತಾ ನಿಂತಿದ್ದೆ, ಎಷ್ಟಿದ್ದೀತು ಅಂತ ಅಂದಾಜು ಮಾಡುತ್ತಿದ್ದೆ, ಅವಳು ನಗು ನಿಲ್ಲಿಸಿ ಜಡೆ ಹಿಂದಕ್ಕೆ ಹಾಕಿಕೊಂಡು ಒಳಗೆ ಹೋದಳು.

ತೂತು ಶುರುವಾದದ್ದು ಆಮೇಲೆ, ತೆಗೆಯಲು ಬೇರೇನೂ ಉಳಿಯದೆ ಹೋದಾಗ. ಬ್ರೇಕ್ ಹಿಡಿಗೆ ಮೂರು ಮೂರು, ಚೈನ್ ಚಕ್ರಕ್ಕೆ ಸುತ್ತ, ಕೊನೆಗೆ ಹ್ಯಾಂಡಲ್, ಅಲ್ಯೂಮಿನಿಯಂ ಹ್ಯಾಂಡಲ್, ಹದಿನಾಲ್ಕು ತೂತು, ಹೊಡೆದು ತಂದು ತೂಗಿದರೆ ನಲವತ್ತು ಗ್ರಾಂ ಕಡಿಮೆ, ಶಿವನಂಜಮ್ಮ ಒಂದು ಸಣ್ಣ ಈರುಳ್ಳಿ ತಕ್ಕಡಿಗೆ ಹಾಕಿ ತೋರಿಸಿದಳು, ಇಷ್ಟೇ ಕಣ್ಲಾ ನೀನು ತೆಗ್ದಿರದು. ಇಷ್ಟೇ. ನಿನ್ನೆ ಸಂಜೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವಾಗ ಹ್ಯಾಂಡಲ್ ಕೆಳಮೈಯಲ್ಲಿ, ಮೂರನೇ ತೂತಿನ ಅಂಚಿನಿಂದ, ಒಂದು ಕಪ್ಪು ಗೆರೆ. ಕೂದಲು ಅಂದುಕೊಂಡೆ. ಒರೆಸಿದೆ, ಹೋಗಲಿಲ್ಲ. ಡ್ರಿಲ್ ತರಚಿದ ಗುರುತು ಅಂದುಕೊಂಡೆ. ಡ್ರಿಲ್ ಗುರುತು ಸುತ್ತಲೂ ಇರುತ್ತದೆ, ಇದು ನೆಟ್ಟಗೆ ಹೋಗಿತ್ತು, ಉಗುರು ಆಡಿಸಿದರೆ ಉಗುರು ತಡೆಯಿತು, ಬಟ್ಟೆ ಮಡಿಸಿಟ್ಟು ಹೋಗಿ ಮಲಗಿದೆ. ಕಬ್ಬಿಣ ಯೋಳಿ ಮುರೀತದೆ ಕಣ್ಲಾ, ಮೊದ್ಲು ಬಗ್ತದೆ, ಆಮೇಕೆ ಮುರೀತದೆ, ನಿಂಗೆ ಟೈಮ್ ಕೊಡ್ತದೆ — ಷಡಕ್ಷರಣ್ಣ ಮೊದಲ ದಿನ ಹೇಳಿಕೊಟ್ಟ ಪಾಠ, ಏಳು ವರ್ಷ ಅದನ್ನೇ ನಂಬಿ ಕೈ ಓಡಿಸಿದ್ದೇನೆ, ಟ್ರ್ಯಾಕ್ಟರ್ ಗುದ್ದಿದ ಗೇಟು ಕೂಡ ಬಗ್ಗಿ ನಿಂತಿತ್ತೇ ಹೊರತು ಮುರಿದಿರಲಿಲ್ಲ, ಆ ನಂಬಿಕೆಯಲ್ಲೇ ಇದಕ್ಕೂ ಡ್ರಿಲ್ ಹಾಕಿದೆ, ಕಬ್ಬಿಣಕ್ಕೆ ಹಾಕಿದ ಹಾಗೇ. ಅಲ್ಯೂಮಿನಿಯಂ ಹೇಳುವುದಿಲ್ಲ. ಅದೂ ನೋಡಿದ್ದೆನಲ್ಲ, ಅಂಗಡಿಯ ಹಳೇ ಏಣಿಯ ಮೆಟ್ಟಿಲು ಷಡಕ್ಷರಣ್ಣನ ಕಾಲ ಕೆಳಗೆ ಚಾಕ್‌ಪೀಸ್ ಹಾಗೆ ಟಕ್ ಅಂದದ್ದು, ನೋಡಿದ್ದೂ ಮರೆತೆ, ಮರೆತೆನೋ, ಅಂಕಿ ಇಳಿಯಲಿ ಅಂತ ಮರೆತೆನೋ.

ಕೊಡಣ್ಣ, ಅಂದಳು ದೀಪ, ಪಕ್ಕಕ್ಕೆ ಬಂದು ಹ್ಯಾಂಡಲ್ ಹಿಡಿದಿದ್ದಾಳೆ, ನಾನೂ ಹಿಡಿದಿದ್ದೇನೆ, ನನ್ನ ಹೆಬ್ಬೆರಳು ಕೆಳಗಡೆ ಆ ಗೆರೆಯ ಮೇಲೇ ಇದೆ, ಬೆಳಗಿನಿಂದ ಅಲ್ಲೇ ಇದೆ. ಹತ್ತುವಾಗ ಏನೂ ಆಗದು. ಇಳಿಯುವಾಗ, ತಿರುವಿನಲ್ಲಿ, ಎದುರಿಗೆ ಬಸ್ಸು, ಎರಡೂ ಕೈ ಬ್ರೇಕ್ ಹಿಂಡಿ, ಮೈ ಭಾರವೆಲ್ಲಾ ಮುಂದಕ್ಕೆ ಬಂದು, ನಲವತ್ತಮೂರು ಕೆಜಿಯೂ ಎರಡು ಅಂಗೈ ಮೇಲೆ, ಆಗ ಗೆರೆ — ಮೇಷ್ಟ್ರು ಹತ್ತಿರ ಬರುತ್ತಿದ್ದಾರೆ, ನೋಡ್ಲಾ, ಟೆಂಪೋದಲ್ಲಿ ನಮ್ ಸ್ಕೂಲ್ ಸೈಕಲ್ ಒಂದದೆ, ಭಾರ ಅದೆ ನಿಜ, ಬೇಕಾರೆ ಕೊಡ್ತೀನಿ, ಎಲ್ಡ್ರಲ್ಲಿ ಯಾವ್ದು ಅಂತ ಬಿರ್ರನೆ ಯೋಳು — ಬೆಂಚಿನವರು ಕಾಯುತ್ತಿದ್ದಾರೆ, ಇನ್ನೊಮ್ಮೆ ನಗಲು ಬಾಯಿ ಸಿದ್ಧವಾಗಿದೆ, ಅದನ್ನು ತೆಗೆದುಕೊಂಡರೆ ಅವರು ಅಂದದ್ದೆಲ್ಲಾ ನಿಜ ಅಂತ ನಾನೇ ಸಹಿ ಹಾಕಿದ ಹಾಗೆ, ಒಂದು ವರ್ಷ, ಅಷ್ಟೂ ಭಾನುವಾರ, ಅವಳಿಗೆ ಮತ್ತೆ ನಾಲ್ಕನೇ ಜಾಗ, ಐದನೆಯದೋ. ಆ ಟೆಂಪೋದಲ್ಲಿರೋ ಸೈಕಲ್ ತಕ, ಅಂದೆ ಅವಳಿಗೆ, ಮೆಲ್ಲಗೆ. ಅದು ಹದ್ನಾರು ಕೆಜಿ ಆಯ್ತದೆ ಅಣ್ಣ, ಇದ್ನೇ ಕೊಡು. ತಕ ಅಂದ್ನಲ್ಲ. ಅವಳು ನನ್ನ ಮುಖ ನೋಡಿದಳು, ಕೈ ನೋಡಿದಳು, ಹೆಬ್ಬೆರಳು ಸರಿಸಿ ತನ್ನ ಬೆರಳು ಇಟ್ಟಳು, ಉಗುರು ಆಡಿಸಿದಳು, ಉಗುರು ತಡೆದು ನಿಂತಿತು. ಯಾವಾಗಿಂದ, ಅಂದಳು. ನಿನ್ನೆ, ಅಂದೆ. ನಿನ್ನೆ ಯಾಕ್ ಯೋಳ್ನಿಲ್ಲ ಅಣ್ಣ. ಹ್ಯಾಂಡಲ್ ಬಿಟ್ಟಳು, ಟೆಂಪೋ ಕಡೆ ಹೊರಟಳು, ಬೆನ್ನ ಮೇಲೆ ಹನ್ನೊಂದು ನಂಬರ್, ಒಂದು ಪಿನ್ ಬಿಟ್ಟುಕೊಂಡು ಬಟ್ಟೆ ಒಂದು ಕಡೆ ಬಡಿಯುತ್ತಿದೆ. ಏನಾಯ್ತ್ಲಾ, ಮೇಷ್ಟ್ರು ಕೇಳುತ್ತಿದ್ದಾರೆ, ದನಿಯಲ್ಲಿ ಈಗ ನಗು ಇಲ್ಲ, ಲೇ ಮಾದು, ನಿನ್ನೇ ಕೇಳ್ತಿರದು, ಏನದೆ ಅದ್ರಲ್ಲಿ, ಎಲ್ಲೋಯ್ತಿದ್ದೀಯಾ, ಮಾತಾಡ್ಲಾ — ಉತ್ತರ ನಾಲಿಗೆ ಮೇಲೆ ಇತ್ತಲ್ಲ, ಇರಲಿ, ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದೇನೆ, ಟೀ ಅಂಗಡಿ ದಾಟಿತು, ಗೊಬ್ಬರದ ಅಂಗಡಿ ದಾಟಿತು, ಹಿಂದೆ ವಿಸಿಲ್ ಊದಿದರು, ಚೈನುಗಳು ಒಟ್ಟಿಗೆ ಸದ್ದು ಮಾಡುತ್ತಾ ಆ ಕಡೆ ಹೋದವು, ತಿರುಗಿ ನೋಡಲಿಲ್ಲ, ಹೆಬ್ಬೆರಳು ಕೆಳಗಡೆ, ಮೂರನೇ ತೂತು, ಅದರ ಅಂಚು, ಅಲ್ಲಿಂದ ನೆಟ್ಟಗೆ, ನಿನ್ನೆಗಿಂತ ಉದ್ದ, ಉಗುರು ಜಾರುತ್ತದೆ, ತಡೆಯುತ್ತದೆ, ಗೆರೆ.